ಹತ್ತೊಂಬತ್ತು ದಿನದ ಪಗಾರ ಎಲ್ಲಿ?

ಕಳೆದ ವರ್ಷ ಈ ಕಾಲೇಜಿಗೆ ಸೇರುವಾಗ ಪ್ರವೇಶ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಒಂದು ಖಾಲಿ ಜಾಗ ಇತ್ತು. ನಾನು ಅಲ್ಲಿ ‘ಕಾಂಟ್ರ್ಯಾಕ್ಟರ್’ ಎಂದು ಬರೆದೆ. ನನ್ನ ಅಬ್ಬಾ ಕಾಂಟ್ರ್ಯಾಕ್ಟರ್ ಅಲ್ಲ. ಗೌಂಡಿ. ಇಪ್ಪತ್ತಾರು ವರ್ಷಗಳಿಂದ ಚಚಡಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಕಟ್ಟುತ್ತಿದ್ದಾರೆ. ಅರ್ಜಿಗೆ ಸಹಿ ಮಾಡುವಾಗ ಅವರು ಆ ಶಬ್ದವನ್ನು ನೋಡಿದರು. ಏನೂ ಅನ್ನಲಿಲ್ಲ. ಪೆನ್ನು ನನಗೆ ವಾಪಸು ಕೊಟ್ಟು ಕೆಲಸಕ್ಕೆ ಹೋದರು.

ಇದನ್ನು ಈಗ ಬರೆಯಲು ಕಾರಣ, ಹೋದ ತಿಂಗಳು ನಮ್ಮಲ್ಲಿ ನಡೆದ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ. ಯಾರಾರು ಸಾಫ್ಟ್‌ವೇರ್ ಕ್ಷೇತ್ರಕ್ಕೆ ಹೋಗಬೇಕು ಅಂತೀರಿ ಎಂದು ಕೇಳಿದಾಗ ವಿಜ್ಞಾನದವರ ಕೈ ಎತ್ತುವುದು ಸಹಜ, ನಮ್ಮ ವಾಣಿಜ್ಯ ವಿಭಾಗದಲ್ಲೂ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ನಾನೂ ಎತ್ತಿದೆ. ಬಿಸಿಎ ಮಾಡಿ ಆ ದಾರಿ ಹಿಡಿಯಬೇಕೆಂಬ ಆಸೆ ನನಗೂ ಇದೆ. ಆದರೆ ಕೈ ಎತ್ತಿದವರಲ್ಲಿ ಎಷ್ಟು ಮಂದಿಯ ಅಬ್ಬಾ ಗ್ಯಾರೇಜಿನಲ್ಲಿದ್ದಾರೆ, ಪೇಂಟರ್ ಆಗಿದ್ದಾರೆ, ವೆಲ್ಡಿಂಗ್ ಮಾಡುತ್ತಾರೆ ಎಂಬುದು ನನಗೆ ಗೊತ್ತು. ಅವರ ಕೆಲಸದ ಬಗ್ಗೆ ಆ ದಿನ ವೇದಿಕೆಯಿಂದ ಬಂದದ್ದು ಒಂದೇ ಮಾತು: “ಚೆನ್ನಾಗಿ ಓದಿರಿ, ಇಲ್ಲದಿದ್ದರೆ ಮಿಸ್ತ್ರಿ ಆಗಬೇಕಾಗುತ್ತದೆ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಬಡೇ ಅಬ್ಬಾನ ಮಗ, ನಾವು ಭಾಯಿಜಾನ್ ಎನ್ನುತ್ತೇವೆ, ಸಾಫ್ಟ್‌ವೇರ್ ಇಂಜಿನಿಯರ್. ಚಚಡಿಯಲ್ಲಿ ಶಾಲೆ, ಬೆಳಗಾವಿಯಲ್ಲಿ ಬಿಇ, ಆಮೇಲೆ ಬೆಂಗಳೂರಿನಲ್ಲಿ ನೌಕರಿ. ನಮ್ಮ ಮನೆತನದಲ್ಲಿ ತಿಂಗಳ ಒಂದನೇ ತಾರೀಖಿಗೆ ಪಗಾರ ಕಂಡ ಮೊದಲನೆಯವರು ಅವರೇ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದಾಗ ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಕೂತು ಕೆಲಸ ಮಾಡುತ್ತಿದ್ದರು. ಓಣಿಯ ಮಕ್ಕಳೆಲ್ಲ ಕೆಳಗೆ ನಿಂತು ನೋಡುತ್ತಿದ್ದೆವು.

2022ರ ಕೊನೆ ಮತ್ತು 2023ರಲ್ಲಿ ಜಗತ್ತಿನ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಕೆಲಸದಿಂದ ತೆಗೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಗಾಳಿ ಭಾಯಿಜಾನ್‌ಗೂ ತಾಗಿತು. ಒಂದು ಮುಂಜಾನೆ ಇಮೇಲ್ ಬಂತು, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ವಾಪಸು ಕೊಡಬೇಕಾಯಿತು. ಬೇರೆ ನೌಕರಿ ಸಿಗುವವರೆಗೆ ಐದು ತಿಂಗಳು ಚಚಡಿಯಲ್ಲೇ ಇದ್ದರು. ಆ ಐದು ತಿಂಗಳಲ್ಲಿ ಅವರು ಮಾಡಿದ್ದು ಎರಡು ಕೆಲಸ: ನಮ್ಮ ಹಳೇ ಮನೆಯ ದುರಸ್ತಿ, ಮತ್ತು ಬಡೇ ಅಬ್ಬಾನ ಹಳೇ ಗಾಡಿಯ ದುರಸ್ತಿ.

ಮೊದಲು ಮನೆಯ ವಿಷಯ. ನಮ್ಮದು ಎರಿ ಭೂಮಿ. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಪಾಯಾ ಕೂಡ ವರ್ಷಕ್ಕೊಮ್ಮೆ ಏರುತ್ತದೆ, ಇಳಿಯುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದಾಗ ನಮ್ಮ ಮನೆ ಬೀಳಲಿಲ್ಲ, ಆದರೆ ಬಚ್ಚಲ ಕಡೆಯ ಗೋಡೆಯ ಮೂಲೆಯಲ್ಲಿ ಅಡ್ಡಡ್ಡ ಒಂದು ಬಿರುಕು ಬಿಟ್ಟಿತು. ಭಾಯಿಜಾನ್ ಮೊಬೈಲಿನಲ್ಲಿ ಹತ್ತು ವಿಡಿಯೋ ನೋಡಿ, ಅಂಗಡಿಯಿಂದ ಬಿರುಕು ತುಂಬುವ ಪುಡಿ ತಂದು, ಎರಡು ದಿನ ಕಷ್ಟಪಟ್ಟು ಅದನ್ನು ಮುಚ್ಚಿದರು. ಮೇಲೆ ಬಣ್ಣವನ್ನೂ ಹಚ್ಚಿದರು. ಅಬ್ಬಾ ನೋಡಿದರು, “ಚೆಂದ ಆಗೈತಿ” ಅಂದರು. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಸಣ್ಣ ಗೆರೆ ಎಳೆದು ತಾರೀಖು ಬರೆದರು.

ಮೊದಲ ಎರಡು ಮಳೆ ಆದ ಮೇಲೆ ಹಳೇ ಬಿರುಕಿನ ಪಕ್ಕದಲ್ಲೇ ಹೊಸದು ತೆರೆಯಿತು. ಪೆನ್ಸಿಲ್ ಗೆರೆಯನ್ನು ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಆಗ ಅಬ್ಬಾ ಅವರನ್ನು ಗೋಡೆಯ ಹೊರಗೆ ಕರೆದುಕೊಂಡು ಹೋಗಿ ನೆಲ ತೋರಿಸಿದರು. ಬಚ್ಚಲ ನೀರು ವರ್ಷಗಳಿಂದ ಪಾಯಾದ ಬುಡಕ್ಕೇ ಇಳಿಯುತ್ತಿತ್ತು. ರೋಗ ಗೋಡೆಗೆ ಬಂದದ್ದಲ್ಲ, ನೆಲಕ್ಕೆ ಬಂದದ್ದು. ಬಚ್ಚಲ ನೀರನ್ನು ಪೈಪಿನಲ್ಲಿ ಹಿತ್ತಲ ಆಚೆ ಒಯ್ಯಬೇಕು, ಗೋಡೆಯ ಸುತ್ತ ಮೂರು ಅಡಿ ಅಗಲಕ್ಕೆ ಹೊರಗಡೆ ಇಳಿಜಾರು ಬರುವಂತೆ ಕಾಂಕ್ರೀಟ್ ಹಾಕಬೇಕು, ಬಿರುಕು ತುಂಬುವುದು ಎಲ್ಲಕ್ಕಿಂತ ಕೊನೆಗೆ. ಭಾಯಿಜಾನ್ ತಲೆ ಮೇಲೆ ಕೈ ಇಟ್ಟುಕೊಂಡರು. “ಚಾಚಾ, ಆಫೀಸಿನ್ಯಾಗ ನಾವು ದಿನಾ ಇದನ್ನ ಹೇಳ್ತೀವಿ. ಪರದೆ ಮ್ಯಾಲೆ ಕಂಡ ತಪ್ಪು ಮುಚ್ಚಬ್ಯಾಡ, ಅದು ಎಲ್ಲಿಂದ ಹುಟ್ಟೈತಿ ಅಂತ ಹುಡುಕು ಅಂತ. ನಾನ ಮರೆತೆ,” ಅಂದರು.

ಅಲ್ಲಿಂದ ಮುಂದೆ ಇಂಜಿನಿಯರ್ ಸಾಹೇಬರು ಗೌಂಡಿಯ ಕೈಕೆಳಗೆ ಆಳಾದರು. ಉಸುಕು ಸೋಸಿದರು, ಮಾಲು ಕಲಸಿದರು, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡುವುದನ್ನು ಕಲಿತರು. ಒಂದು ದಿನ ಅವರಿಗೆ ರಿಷ್ತಾ ನೋಡಲು ಹೇಳದೆ ಕೇಳದೆ ನಾಲ್ಕು ಜನ ಬಂದರು. ಮೊಣಕಾಲವರೆಗೆ ಸಿಮೆಂಟ್ ಮೆತ್ತಿಕೊಂಡು ನಿಂತಿದ್ದ ಭಾಯಿಜಾನ್‌ನ್ನೇ, “ಇಂಜಿನಿಯರ್ ಸಾಹೇಬರು ಅದಾರೇನಪಾ ಮನ್ಯಾಗ?” ಎಂದು ಕೇಳಿದರು. ಇವರು, “ಒಳಗ ಹೋಗ್ರಿ, ಚಾ ಕುಡೀರಿ, ಬರ್ತಾರ,” ಅಂದು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದರು. ಆ ರಿಷ್ತಾ ಮುಂದೆ ಹೋಗಲಿಲ್ಲ. ಮನೆಯಲ್ಲಿ ಈಗಲೂ ಅದನ್ನು ನೆನೆದು ನಗುತ್ತೇವೆ. ಆದರೆ ಯೋಚಿಸಿದರೆ ನಗುವ ಮಾತಲ್ಲ. ಅದೇ ಮನುಷ್ಯ, ಅದೇ ಡಿಗ್ರಿ. ಕೈಗೆ ಸಿಮೆಂಟ್ ಹತ್ತಿದ ಕೂಡಲೇ ‘ಸಾಹೇಬರು’ ಹೋಗಿ ‘ಏನಪಾ’ ಬಂತು.

ಇನ್ನು ಗಾಡಿ. ಅದು ಹೀರೋ ಹೋಂಡಾ ಸಿಡಿ 100. 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, 97.2 ಸಿಸಿ ಇಂಜಿನ್ನಿನ ಸಣ್ಣ ಮೋಟಾರ್‌ಸೈಕಲ್. ಕಡಿಮೆ ಪೆಟ್ರೋಲಿನಲ್ಲಿ ದೂರ ಹೋಗುತ್ತದೆಂದು ಹಳ್ಳಿ ಹಳ್ಳಿಗೂ ಹಬ್ಬಿದ ಗಾಡಿ ಅದು. ಬಡೇ ಅಬ್ಬಾ ತೀರಿಕೊಂಡ ಮೇಲೆ ಒಂಬತ್ತು ವರ್ಷ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ನಿಂತಿತ್ತು. ಭಾಯಿಜಾನ್ ಟ್ಯಾಂಕ್ ತೊಳೆದರು, ಪ್ಲಗ್ ಬದಲಿಸಿದರು, ಅಂಟಾಗಿ ಗಟ್ಟಿಯಾಗಿದ್ದ ಹಳೇ ಪೆಟ್ರೋಲನ್ನು ಕಾರ್ಬ್ಯುರೇಟರ್‌ನ ಸಣ್ಣ ತೂತುಗಳಿಂದ ತೆಗೆದರು. ಕಿಡಿ ಬರುತ್ತಿತ್ತು, ಪೆಟ್ರೋಲ್ ಬರುತ್ತಿತ್ತು, ಗಾಡಿ ಮಾತ್ರ ಚಾಲೂ ಆಗಲಿಲ್ಲ. ಕೊನೆಗೆ ಬೈಲಹೊಂಗಲದಿಂದ ಒಬ್ಬ ಮೆಕ್ಯಾನಿಕ್ ಬಂದರು. ಎರಡು ಸಲ ಕಿಕ್ ಹೊಡೆದು, ಸೈಲೆನ್ಸರ್ ಬಾಯಿಗೆ ಕೈ ಹಿಡಿದು, “ಉಸಿರು ಹೊರಗ ಬರವಲ್ತು” ಅಂದರು. ಒಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಾಕಿ ಅದನ್ನು ಕೆದರಿ ತೆಗೆದ ಮೇಲೆ ಮೂರನೇ ಕಿಕ್ಕಿಗೆ ಗಾಡಿ ಕೆಮ್ಮುತ್ತ ಎದ್ದಿತು. ಅಮ್ಮಿ ಅಡಿಗೆಮನೆಯಿಂದ ಓಡಿ ಬಂದರು. ಬಡೀ ಅಮ್ಮಿ ಬರಲಿಲ್ಲ. ಒಳಗೇ ಕೂತು ಆ ಸಪ್ಪಳ ಕೇಳುತ್ತ ಅಳುತ್ತಿದ್ದರು.

ಅವತ್ತು ಭಾಯಿಜಾನ್ ಒಂದು ವಿಷಯ ಹೇಳಿದರು. ಕಂಪ್ಯೂಟರಿನ ತಪ್ಪಿಗೆ ‘ಬಗ್’ ಎನ್ನುತ್ತಾರಲ್ಲ, ಬಗ್ ಅಂದರೆ ಹುಳು. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಯಂತ್ರ ಕೈಕೊಟ್ಟಾಗ ಒಳಗೆ ನಿಜವಾದ ಒಂದು ಪತಂಗ ಸಿಕ್ಕಿತು. ಗ್ರೇಸ್ ಹಾಪರ್ ಎಂಬ ಮಹಿಳಾ ವಿಜ್ಞಾನಿ ಇದ್ದ ತಂಡ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿತು. ತಪ್ಪಿಗೆ ಬಗ್ ಎನ್ನುವ ರೂಢಿ ಅದಕ್ಕಿಂತ ಮೊದಲೇ ಇತ್ತಂತೆ, ಹುಳು ನಿಜವಾಗಿ ಸಿಕ್ಕಿದ್ದು ಆವಾಗ. ಹುಳುವನ್ನು ಯಂತ್ರದಲ್ಲಿ ಹುಡುಕುವವರಿಗೆ ಲಕ್ಷ ಪಗಾರ, ಸೈಲೆನ್ಸರ್‌ನಲ್ಲಿ ಹುಡುಕುವವರಿಗೆ ಇನ್ನೂರು ರೂಪಾಯಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ಇನ್ನೂರನ್ನೂ ನಮ್ಮ ಮನೆಯವರು ನೂರೈವತ್ತಕ್ಕೆ ಇಳಿಸಿದರು. ಬೆಂಗಳೂರಿನಿಂದ ತರಿಸಿದ ಹೆಡ್‌ಲೈಟಿಗೆ ಯಾರೂ ಚೌಕಾಸಿ ಮಾಡಲಿಲ್ಲ. ಪೆಟ್ಟಿಗೆ ಮೇಲೆ ಬೆಲೆ ಅಚ್ಚಾಗಿತ್ತು. ಮನುಷ್ಯನ ಕೈ ಮೇಲೆ ಬೆಲೆ ಅಚ್ಚಾಗಿರುವುದಿಲ್ಲವಲ್ಲ, ಅದಕ್ಕೇ ಚೌಕಾಸಿ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಭಾಯಿಜಾನ್ ಎಲ್ಲದಕ್ಕೂ ಲೆಕ್ಕ ಇಡುವವರು. ಮನೆಯ ಖರ್ಚಿಗೆ ಒಂದು ಎಕ್ಸೆಲ್ ಹಾಳೆ ಮಾಡಿದ್ದರು. ಈ ವರ್ಷ ರಜೆಯಲ್ಲಿ ಅದನ್ನು ನನಗೆ ಕೊಟ್ಟು, “ನೀನು ಅಕೌಂಟೆನ್ಸಿ ಓದುವವಳು, ಇದರಲ್ಲಿ ಬಂಡವಾಳ ವೆಚ್ಚ ಯಾವುದು, ಕಂದಾಯ ವೆಚ್ಚ ಯಾವುದು ವಿಂಗಡಿಸು ನೋಡೋಣ,” ಅಂದರು. ನನಗೆ ಖುಷಿಯಾಯಿತು. ಹಳೇ ಗಿಲಾವಿನ ದುರಸ್ತಿ ಮತ್ತು ಬಣ್ಣ ಕಂದಾಯ ವೆಚ್ಚ, ಏಕೆಂದರೆ ಇದ್ದದ್ದನ್ನು ಇದ್ದ ಹಾಗೆ ಇಡುವ ಖರ್ಚು ಅದು. ಹೊಸ ಪೈಪು ಮತ್ತು ಇಳಿಜಾರಿನ ಕಾಂಕ್ರೀಟ್ ಬಂಡವಾಳ ವೆಚ್ಚ, ಮನೆಯ ಆಯುಷ್ಯ ಹೆಚ್ಚಿಸುವಂಥದ್ದು. ಗಾಡಿಗೆ ಹಾಕಿದ್ದು 11,400 ರೂಪಾಯಿ, ಮಾರಿದರೆ ಎಂಟು ಸಾವಿರವೂ ಬರುವುದಿಲ್ಲ. ಅದನ್ನು ‘ಡ್ರಾಯಿಂಗ್ಸ್’ಗೆ ಹಾಕಿದೆ, ಅಂದರೆ ಮಾಲೀಕರ ಸ್ವಂತ ಶೋಕಿಗೆ.

ಮನೆಯ ಒಟ್ಟು ಮೊತ್ತ 86,350 ರೂಪಾಯಿ. ಸಿಮೆಂಟ್ ಇತ್ತು, ಉಸುಕು ಇತ್ತು, ಪೈಪು ಇತ್ತು, ಇಬ್ಬರು ಆಳುಗಳ ಕೂಲಿ ಇತ್ತು, ಟ್ರ್ಯಾಕ್ಟರ್ ಬಾಡಿಗೆ ಇತ್ತು. ಆಳುಗಳ ಚಾದ ಖರ್ಚೂ ಇತ್ತು. ಗೌಂಡಿಯ ಪಗಾರ ಇರಲಿಲ್ಲ. ಅಬ್ಬಾ ಹತ್ತೊಂಬತ್ತು ದಿನ ಬೇರೆಯವರ ಕೆಲಸ ಬಿಟ್ಟು ಈ ಮನೆಗೆ ದುಡಿದಿದ್ದರು. ದಿನಕ್ಕೆ 800ರಂತೆ ಹಿಡಿದರೂ 15,200 ರೂಪಾಯಿ. ನಾನು ಭಾಯಿಜಾನ್‌ಗೆ ಫೋನ್ ಮಾಡಿ, “ಹತ್ತೊಂಬತ್ತು ದಿನದ ಪಗಾರ ಎಲ್ಲಿ?” ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಚಾಚಾನನ್ನು ಕಂಡವರ ಮುಂದೆಲ್ಲ ಹೊಗಳಿದವರು ಅವರು. ನನ್ನ ಗುರು ಎಂದು ಬೆಂಗಳೂರಿನ ಗೆಳೆಯರಿಗೆ ಫೋಟೋ ಕಳಿಸಿದವರು. ಆದರೂ ಆ ಸಾಲು ಅವರಿಗೆ ಹೊಳೆದಿರಲಿಲ್ಲ. ಇದರಿಂದ ನಾನು ಕಲಿತದ್ದು ಇಷ್ಟು: ಕೈಕೆಲಸಕ್ಕೆ ಗೌರವ ಕೊಡುವುದೆಂದರೆ ಅದನ್ನು ಹೊಗಳುವುದಲ್ಲ, ಅದನ್ನು ಲೆಕ್ಕದಲ್ಲಿ ಹಿಡಿಯುವುದು. ನಾವು ಹೊಗಳಿಕೆಯಲ್ಲಿ ಧಾರಾಳ, ಲೆಕ್ಕದಲ್ಲಿ ಜಿಪುಣರು.

ಲೆಕ್ಕ ಹಿಡಿಯಲು ಕೂತರೆ ಅದು ಅಬ್ಬಾನ ಹತ್ತಿರ ನಿಲ್ಲುವುದಿಲ್ಲ. ಹೊಸ ಗಿಲಾವಿಗೆ ಕನಿಷ್ಠ ಏಳು ದಿನ ನೀರು ಹೊಡೆಯಬೇಕು, ಇಲ್ಲದಿದ್ದರೆ ಸಿಮೆಂಟ್ ಗಟ್ಟಿಯಾಗುವುದಿಲ್ಲ. ಆ ನೀರನ್ನು ಕೊಡದಲ್ಲಿ ಹೊತ್ತು ಹೊಡೆದವರು ಅಮ್ಮಿ. ಎಲ್ಲರಿಗೂ ರೊಟ್ಟಿ ಬಡಿದವರೂ ಅವರೇ. ಮನೆಯೊಳಗಿನ ಇಂಥ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಮ್ಮ ಅರ್ಥಶಾಸ್ತ್ರದ ಪಾಠದಲ್ಲೇ ಇದೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಪಗಾರವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಪರೀಕ್ಷೆಗೆ ಎರಡು ಅಂಕಕ್ಕೆ ಓದಿದ್ದು ನನ್ನ ಅಡಿಗೆಮನೆಯಲ್ಲೇ ನಡೆಯುತ್ತಿತ್ತು.

ಗೆಳೆಯ ಗೆಳತಿಯರೆ, ಸಾಫ್ಟ್‌ವೇರ್ ಬೇಡ, ಎಲ್ಲರೂ ಥಾಪಿ ಹಿಡಿಯೋಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳಾಗುತ್ತದೆ. ಭಾಯಿಜಾನ್ ಒಂದು ಸಲ ಊಟಕ್ಕೆ ಕೂತಾಗ, “ಚಾಚಾ, ಲ್ಯಾಪ್‌ಟಾಪ್‌ಗಿಂತ ಇದ ಚಲೋ ಕೆಲಸ, ಮನಸಿಗೆ ಸಮಾಧಾನ,” ಅಂದಾಗ ಅಬ್ಬಾ ನಕ್ಕು ನಮ್ಮ ಮಾತಿನಲ್ಲಿ, “ಉಸ್ಕು ಶೌಕ್ ಹೈ, ಮೇರೆಕು ರೋಜಿ ಹೈ,” ಅಂದರು. ಅವನಿಗೆ ಅದು ಶೋಕಿ, ನನಗೆ ಅದು ಹೊಟ್ಟೆಪಾಡು ಎಂದು. ಅಬ್ಬಾನ ಸೊಂಟ ರಾತ್ರಿ ನೋಯುತ್ತದೆ. ಸಿಮೆಂಟಿನಿಂದ ಬೆರಳ ಸಂದುಗಳು ಒಡೆದಿವೆ. ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸ ಇರುವುದಿಲ್ಲ. ಪಿಎಫ್ ಇಲ್ಲ, ರಜೆಯ ಪಗಾರ ಇಲ್ಲ. ಭಾಯಿಜಾನ್‌ಗೆ ಕೆಲಸ ಹೋದಾಗ ಕಂಪನಿ ಎರಡು ತಿಂಗಳ ಪಗಾರ ಕೊಟ್ಟು ಕಳಿಸಿತು. ಅಬ್ಬಾ ಒಮ್ಮೆ ಸಾರಿಗೆಯಿಂದ ಬಿದ್ದು ಕೈ ಮುರಿದುಕೊಂಡಾಗ ಮೂರು ತಿಂಗಳು ಮನೆ ನಡೆದದ್ದು ಅಮ್ಮಿಯ ಹೊಲಿಗೆ ಮಷಿನ್ನಿನಿಂದ. ಮಕ್ಕಳು ಈ ಕೆಲಸಕ್ಕೆ ಬರಬಾರದು ಎಂದು ಅಬ್ಬಾ ಹೇಳುವುದು ಕೆಲಸ ಕೀಳು ಎಂದಲ್ಲ. ಕೆಲಸಕ್ಕೆ ಆಸರೆ ಇಲ್ಲ ಎಂದು. ಈ ಎರಡರ ವ್ಯತ್ಯಾಸವನ್ನು ಆ ದಿನ ವೇದಿಕೆಯ ಮೇಲಿದ್ದವರು ಹೇಳಬೇಕಿತ್ತು.

ಸಾಫ್ಟ್‌ವೇರ್ ಕಂಪನಿಗಳೂ ಗಾಳಿಯಲ್ಲಿ ಹುಟ್ಟಿದವಲ್ಲ. ವಿಪ್ರೋ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ಅಡಿಗೆ ಎಣ್ಣೆ ತಯಾರಿಸುವ ಕಾರ್ಖಾನೆಯಾಗಿ ಶುರುವಾಯಿತು. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿ 21ನೇ ವಯಸ್ಸಿಗೆ ಅದರ ಹೊಣೆ ಹೊತ್ತರು. ಕಂಪ್ಯೂಟರ್ ಬಂದದ್ದು ಆಮೇಲೆ. 1981ರಲ್ಲಿ ಏಳು ಮಂದಿ ಇಂಜಿನಿಯರುಗಳು ಇನ್ಫೋಸಿಸ್ ಶುರು ಮಾಡಿದಾಗ ಕೈಯಲ್ಲಿದ್ದ 10,000 ರೂಪಾಯಿ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಉಳಿತಾಯದ ಹಣ. ಇತ್ತ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ ಜಾವಾ, ಯೆಜ್ಡಿ ಗಾಡಿಗಳನ್ನು ಮಾಡಿ 1996ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಆ ಗಾಡಿಗಳು ಇವತ್ತಿಗೂ ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅವುಗಳ ಅಭಿಮಾನಿಗಳು ಜಾವಾ ಯೆಜ್ಡಿ ದಿನ ಆಚರಿಸುತ್ತಾರೆ. ಇಷ್ಟು ಕಾಲ ಅವುಗಳ ಉಸಿರು ಹಿಡಿದಿಟ್ಟವರು ಸಣ್ಣ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್‌ಗಳು. ಕಂಪನಿ ಹೋದ ಮೇಲೂ ಕೈಯಲ್ಲಿದ್ದ ವಿದ್ಯೆ ಉಳಿಯಿತು. ನಮ್ಮೂರಿಗೆ ಬಂದವರೂ ದೇಸಾಯಿಯವರ ವಾಡೆ ನೋಡಿ ಹೊಗಳಿ ಹೋಗುತ್ತಾರೆ. ಅದರ ಕಲ್ಲು ಇಟ್ಟ ಗೌಂಡಿಗಳ ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಮಾಡುವುದೇನು? ನನ್ನದು ಮೂರು ಸಣ್ಣ ಸಲಹೆ.

ಮೊದಲನೆಯದು, ಮುಂದಿನ ವರ್ಷದ ವೃತ್ತಿ ಮಾರ್ಗದರ್ಶನಕ್ಕೆ ಇಂಜಿನಿಯರ್ ಜೊತೆಗೆ ಒಬ್ಬ ಗೌಂಡಿಯನ್ನು, ಒಬ್ಬ ಮೆಕ್ಯಾನಿಕ್‌ನ್ನು ಅದೇ ವೇದಿಕೆಗೆ ಕರೆಯೋಣ. ಹಾರ ಹಾಕಿ ಕಳಿಸಲು ಅಲ್ಲ. ಒಂದು ಮನೆಯ ಅಂದಾಜು ವೆಚ್ಚ ಹೇಗೆ ತೆಗೆಯುತ್ತಾರೆ, ಗಿರಾಕಿ ಉದ್ರಿ ಹೇಳಿದರೆ ಏನು ಮಾಡುತ್ತಾರೆ ಎಂದು ಕೇಳಲು. ವಾಣಿಜ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಎರಡನೆಯದು, ತಿಂಗಳಿಗೆ ಒಂದು ಶನಿವಾರ ಎರಡು ತಾಸು ಕೈಕೆಲಸಕ್ಕೆ ಇಡೋಣ. ಪ್ಲಗ್ ಬದಲಿಸುವುದು, ನಲ್ಲಿಯ ವಾಷರ್ ಹಾಕುವುದು, ಸುಟ್ಟ ಫ್ಯೂಸ್ ಗುರುತಿಸುವುದು. ಹುಡುಗಿಯರಿಗೂ. ಭಾಯಿಜಾನ್ ಗಾಡಿ ಬಿಚ್ಚುವಾಗ ನನಗೆ ಪಾನಾ ಎತ್ತಿ ಕೊಡುವ ಕೆಲಸ ಮಾತ್ರ ಸಿಕ್ಕಿತ್ತು. ಯಾವ ನಟ್ಟಿಗೆ ಯಾವ ಪಾನಾ ಎಂಬುದು ಈಗ ನನಗೆ ಅವರಿಗಿಂತ ಚೆನ್ನಾಗಿ ಗೊತ್ತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕಲ್ಯಾಣ ಮಂಡಳಿ ನಮ್ಮ ರಾಜ್ಯದಲ್ಲಿ ಇದೆ. ಕಟ್ಟಡಗಳ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ಆ ನಿಧಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ಗೌಂಡಿಗಳಷ್ಟೇ ಅಲ್ಲ, ಪೇಂಟರ್, ಪ್ಲಂಬರ್, ಬಡಿಗ, ಎಲೆಕ್ಟ್ರಿಷಿಯನ್ ಎಲ್ಲರೂ. ಅಪಘಾತಕ್ಕೆ, ವೈದ್ಯಕೀಯ ವೆಚ್ಚಕ್ಕೆ, ಪಿಂಚಣಿಗೆ, ಮಕ್ಕಳ ಓದಿಗೆ ಅದರಲ್ಲಿ ಸಹಾಯಧನದ ಯೋಜನೆಗಳಿವೆ. ಅಬ್ಬಾನ ಕಾರ್ಡ್ ನವೀಕರಣವಾಗದೆ ಎರಡು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕಚೇರಿಗೆ ಅಲೆದರೆ ಒಂದು ದಿನದ ಕೂಲಿ ಹೋಗುತ್ತದೆಂದು ಬಿಟ್ಟಿದ್ದರು. ಫಾರ್ಮ್ ತುಂಬುವುದು, ಕಾಗದ ಜೋಡಿಸುವುದು ನಮ್ಮ ಕೈಲಾಗುವ ಕೆಲಸ. ನಮ್ಮ ವಿಭಾಗದ ಹತ್ತು ಜನ ಒಂದು ರಜಾದಿನ ಕೂತರೆ ನಮ್ಮ ನಮ್ಮ ಓಣಿಯವರ ಅರ್ಜಿಗಳನ್ನು ಸಿದ್ಧ ಮಾಡಬಹುದು. ನಾನು ಬರುತ್ತೇನೆ. ನೀವೂ ಬನ್ನಿ.

ಹಜರತ್ ದಾವೂದ್ ಅಲೈಹಿಸ್ಸಲಾಂ ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ನಾವು ಮನೆಯಲ್ಲಿ ಕೇಳಿ ಬೆಳೆದಿದ್ದೇವೆ. ಬಸವಣ್ಣನವರ ಕಾಯಕದ ವಿಚಾರವನ್ನು ಕನ್ನಡ ತರಗತಿಯಲ್ಲಿ ಓದಿದ್ದೇವೆ. ಎರಡನ್ನೂ ಬಲ್ಲ ನಾನೇ ಅರ್ಜಿಯಲ್ಲಿ ‘ಕಾಂಟ್ರ್ಯಾಕ್ಟರ್’ ಎಂದು ಬರೆದೆ. ಬೇರೆಯವರನ್ನು ದೂರುವ ಹಕ್ಕು ನನಗೆ ಅಷ್ಟಕ್ಕಷ್ಟೆ.

ಭಾಯಿಜಾನ್ ಎಕ್ಸೆಲ್ ಹಾಳೆಗೆ ಹೊಸ ಸಾಲು ಸೇರಿಸಿದ್ದಾರೆ. ಮನೆಯ ಒಟ್ಟು ಮೊತ್ತ ಈಗ 1,01,550 ರೂಪಾಯಿ. ಅಬ್ಬಾ ಹಣ ಮುಟ್ಟಲಿಲ್ಲ. “ಮನ್ಯಾಗಿನ ಕೆಲಸಕ್ಕ ಪಗಾರ ಏನವಾ?” ಅಂದರು. “ತಗೋಬ್ಯಾಡ್ರಿ, ಬರದಿರಲಿ,” ಅಂದೆ. ಅಮ್ಮಿಯ ಸಾಲಿಗೆ ದರ ಎಷ್ಟು ಹಿಡಿಯಬೇಕೆಂದು ನಾನೂ ಭಾಯಿಜಾನೂ ಇನ್ನೂ ಜಗಳಾಡುತ್ತಿದ್ದೇವೆ.

ಹೋದ ವಾರ ಅಬ್ಬಾನ ಕಾರ್ಡಿನ ನವೀಕರಣಕ್ಕೆ ನಾನೇ ಫಾರ್ಮ್ ತುಂಬಿದೆ. ಅಲ್ಲಿಯೂ ಉದ್ಯೋಗ ಎಂಬ ಜಾಗ ಇತ್ತು. ಈ ಸಲ ಅಬ್ಬಾನನ್ನು ಪಕ್ಕದಲ್ಲಿ ಕೂಡಿಸಿಕೊಂಡು ‘ಗೌಂಡಿ’ ಎಂದು ಬರೆದೆ. ಅವರು ಸಹಿ ಮಾಡಿ, ಪೆನ್ನು ನನಗೆ ವಾಪಸು ಕೊಟ್ಟು, “ಅಕ್ಷರ ಚೆಂದ ಅದಾವು,” ಅಂದರು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ